ರಾಕೆಟ್ ಆಟದಲ್ಲಿ ಒಳ್ಳೆಯದೆಷ್ಟು, ಕೊರತೆಯೆಷ್ಟು?



ಮೊಬೈಲ್ ಆಟ ಅಂದ ಕೂಡಲೇ ದೊಡ್ಡವರು ಬೈಯುತ್ತಾರೆ. "ಕಣ್ಣು ಹೋಗ್ತಾವೆ, ಓದು ಹೋಗ್ತೈತೆ, ಕೊನೆಗೆ ರೊಕ್ಕನೂ ಹೋಗ್ತೈತೆ" ಅಂತ ನಮ್ಮ ಅಜ್ಜಿ ದಿನಾ ಹೇಳುತ್ತಾಳೆ. ಬಂದೂಕು ಹಿಡಿದು ಓಡಾಡುವ ಆಟಗಳಿಗೆ ಅಜ್ಜಿಯ ಮಾತು ಸರಿ. ಆದರೆ ಎಲ್ಲಾ ಆಟಗಳನ್ನೂ ಒಂದೇ ಚೀಲಕ್ಕೆ ತುಂಬಬಾರದು ಎಂಬುದು ನನ್ನ ಅಭಿಪ್ರಾಯ. ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್ ಎಂಬ ಆಟದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನಾನು ದೊಡ್ಡ ಆಟಗಾರ್ತಿ ಏನಲ್ಲ, ಆಡಲು ಶುರು ಮಾಡಿ ಎರಡು ತಿಂಗಳಷ್ಟೇ ಆಯಿತು. ಅಣ್ಣನ ಫೋನು ರಾತ್ರಿ ಊಟ ಆದ ಮೇಲೆ ಅರ್ಧ ತಾಸು ಸಿಗುತ್ತದೆ. ಹೊಸಬಳ ಕಣ್ಣಿಗೆ ಏನು ಕಂಡಿತೋ ಅದು ಈ ಲೇಖನ.

ಆಟ ಹೀಗಿದೆ. ಇಂಧನದ ಟ್ಯಾಂಕು, ಎಂಜಿನ್ನು, ಮೇಲೆ ಕೂರುವ ಗೂಡು, ಪ್ಯಾರಾಚೂಟು ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ ನಾವೇ ರಾಕೆಟ್ ಮಾಡಬೇಕು. ಆಮೇಲೆ ಹಾರಿಸಬೇಕು. ಶತ್ರು ಇಲ್ಲ, ಬಂದೂಕಿಲ್ಲ. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕರೆನ್ಸಿ ಖಾಲಿ ಆದ ದಿನವೂ ಆಡಬಹುದು, ಇದು ನಮ್ಮಂಥವರಿಗೆ ದೊಡ್ಡ ಅನುಕೂಲ.

ರಾಕೆಟ್ ಮೇಲೆ ಹೋದರೆ ಸಾಕು, ಅಲ್ಲೇ ತೇಲ್ತಾ ಇರ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಈ ಆಟದ ಮೊದಲ ಒಳ್ಳೆಯ ಗುಣ ಅಂದರೆ ಆ ನಂಬಿಕೆಯನ್ನು ಒಂದೇ ದಿನದಲ್ಲಿ ಬಿಡಿಸುತ್ತದೆ. ನೆಟ್ಟಗೆ ಮೇಲಕ್ಕೆ ಹೊಡೆದ ರಾಕೆಟ್ಟು 100 ಕಿ.ಮೀ. ಹೋಗಲಿ, 200 ಕಿ.ಮೀ. ಹೋಗಲಿ, ಇಂಧನ ಮುಗಿದ ಮೇಲೆ ವಾಪಸ್ ಬಂದು ಬಿದ್ದೇ ಬೀಳ್ತದೆ. ಬೀಳಬಾರದು ಅಂದ್ರೆ ಮೇಲೆ ಹೋಗುತ್ತಾ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿಸಬೇಕು, ಕೊನೆಗೆ ನೆಲಕ್ಕೆ ಅಡ್ಡಲಾಗಿ ಓಡಿಸಬೇಕು. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣಿ ಬೀಸ್ತಾರಲ್ಲ, ಆ ಕಲ್ಲು ಅಡ್ಡ ಹೋಗಿ ದೂರ ಬೀಳುತ್ತದೆ. ಜೋರಾಗಿ ಬೀಸಿದರೆ ಇನ್ನೂ ದೂರ. ಕಲ್ಲು ಬೀಳುವಷ್ಟರಲ್ಲಿ ಭೂಮಿಯೇ ಕೆಳಗೆ ಬಾಗಿ ಹೋಗುವಷ್ಟು ಜೋರಾಗಿ ಬೀಸಿದರೆ? ಕಲ್ಲು ಬೀಳ್ತಾನೇ ಇರ್ತದೆ, ನೆಲ ಮಾತ್ರ ಸಿಗೋದಿಲ್ಲ. ಅದೇ ಕಕ್ಷೆ. ನ್ಯೂಟನ್ ಎತ್ತರದ ಬೆಟ್ಟದ ಮೇಲಿಂದ ಫಿರಂಗಿ ಗುಂಡು ಹಾರಿಸಿದಂತೆ ಯೋಚಿಸಿ ಇದನ್ನೇ ವಿವರಿಸಿದ್ದ. ಪಾಪ, ಅವನಿಗೆ ನಮ್ಮ ಕವಣಿ ಗೊತ್ತಿರಲಿಲ್ಲವೇನೋ.

ಇಂಧನದ ಲೆಕ್ಕವೂ ಹಾಗೇ ತಲೆಗೆ ಹತ್ತುತ್ತದೆ. ದೂರದ ಊರಿಗೆ ಬಂಡಿ ಕಟ್ಟಿದರೆ ಎತ್ತಿನ ಮೇವನ್ನೂ ಬಂಡಿಯಲ್ಲೇ ಹೇರಬೇಕು. ಮೇವು ಹೆಚ್ಚು ಹೇರಿದರೆ ಎತ್ತಿಗೆ ಭಾರ, ಭಾರ ಆದರೆ ಇನ್ನೂ ಹೆಚ್ಚು ಮೇವು ಬೇಕು. ರಾಕೆಟ್ಟಿನ ಕಷ್ಟ ಪೂರಾ ಇದೇ. ಅದಕ್ಕೇ ಖಾಲಿಯಾದ ಟ್ಯಾಂಕನ್ನು ದಾರಿಯಲ್ಲೇ ಕಳಚಿ ಬಿಸಾಡಬೇಕು. ಚಂದ್ರಯಾನ-3 ನೌಕೆಯ ತೂಕ ಸುಮಾರು 3,900 ಕಿಲೋ ಮಾತ್ರ. ಅದನ್ನು ಹೊತ್ತ ಎಲ್‌ವಿಎಂ-3 ರಾಕೆಟ್ಟು ನೆಲ ಬಿಡುವಾಗ ಸುಮಾರು 640 ಟನ್ ಇತ್ತು! ಈ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿದರೆ ಏನೂ ಅನ್ನಿಸುವುದಿಲ್ಲ. ಆಟದಲ್ಲಿ ಹತ್ತು ಟ್ಯಾಂಕು ಜೋಡಿಸಿದ ರಾಕೆಟ್ಟು ಎಂಜಿನ್ನು ಉರಿಸಿದರೂ ನಿಂತಲ್ಲಿಂದ ಅಲುಗಾಡದೆ ಇದ್ದಾಗ ಯಾಕೆ ಅಂತ ತಿಳಿಯುತ್ತದೆ.

ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟದ್ದು ಚಂದ್ರಯಾನದ ದಾರಿ. 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-3, ಚಂದ್ರನ ಮೇಲೆ ಇಳಿದದ್ದು ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ. ಅಂದರೆ ನಲವತ್ತು ದಿನ. 1969ರಲ್ಲಿ ಅಮೇರಿಕದ ಅಪೊಲೊ-11 ಜುಲೈ 16ಕ್ಕೆ ಹೊರಟು ಜುಲೈ 20ಕ್ಕೇ ಇಳಿದಿತ್ತು. "ಅವರಿಗೆ ನಾಲ್ಕು ದಿನ, ನಮಗೆ ನಲವತ್ತು ದಿನ ಯಾಕೆ?" ಎಂದು ಕೇಳಿದರೆ "ನಮ್ಮದು ಸಣ್ಣ ರಾಕೆಟ್ಟು" ಎಂಬ ಉತ್ತರ ಬರುತ್ತದೆ. ಉತ್ತರ ಸರಿಯೇ, ಆದರೆ ಅರ್ಧ. ಇನ್ನರ್ಧ ಈ ಆಟದ ನಕ್ಷೆಯಲ್ಲಿದೆ. ನಕ್ಷೆ ತೆರೆದರೆ ರಾಕೆಟ್ ಸುತ್ತುವ ದಾರಿ ಒಂದು ಗೆರೆಯಾಗಿ ಕಾಣುತ್ತದೆ. ಭೂಮಿಗೆ ಹತ್ತಿರ ಬಂದಾಗ ಸ್ವಲ್ಪವೇ ಎಂಜಿನ್ ಉರಿಸಿ ನೋಡಿ, ಆ ಗೆರೆ ಎದುರಿನ ಬದಿಯಲ್ಲಿ ಉಬ್ಬುತ್ತದೆ. ಮುಂದಿನ ಸುತ್ತಿನಲ್ಲಿ ಮತ್ತೆ ಹತ್ತಿರ ಬಂದಾಗ ಮತ್ತಷ್ಟು ಉರಿಸಿದರೆ ಇನ್ನೂ ಉಬ್ಬುತ್ತದೆ. ಹೀಗೆ ಸುತ್ತು ಸುತ್ತಿಗೂ ಉದ್ದವಾಗಿ ಕೊನೆಗೆ ಚಂದ್ರನನ್ನು ಮುಟ್ಟುತ್ತದೆ. ಉಯ್ಯಾಲೆಗೆ ಹತ್ತಿರ ಬಂದಾಗಲೆಲ್ಲ ಒಂದೊಂದು ತಳ್ಳು ಕೊಟ್ಟ ಹಾಗೆ. ಚಂದ್ರಯಾನವೂ ಭೂಮಿಯ ಸುತ್ತ ಹೀಗೇ ಕಕ್ಷೆ ಹಿಗ್ಗಿಸಿಕೊಳ್ಳುತ್ತಾ ಹೋಗಿ, ಆಗಸ್ಟ್ 1ಕ್ಕೆ ಚಂದ್ರನ ದಾರಿ ಹಿಡಿಯಿತು, 5ಕ್ಕೆ ಚಂದ್ರನ ಕಕ್ಷೆ ಸೇರಿತು. ಈ ಒಂದು ಪಾಠಕ್ಕಾಗಿಯಾದರೂ ಆಟವನ್ನು ಹೊಗಳಲೇಬೇಕು.

ಇನ್ನು ಕೊರತೆಗಳು.

ಆಟದ ಭೂಮಿ ನಿಜವಾದ ಭೂಮಿಯ ಇಪ್ಪತ್ತರಲ್ಲಿ ಒಂದು ಪಾಲು. ಗಾಳಿ 30 ಕಿ.ಮೀ.ಗೇ ಮುಗಿದುಹೋಗುತ್ತದೆ. ಸೆಕೆಂಡಿಗೆ ಸುಮಾರು 1,700 ಮೀಟರ್ ವೇಗ ಬಂದರೆ ಕಕ್ಷೆ ಸಿಗುತ್ತದೆ, ನಿಜದಲ್ಲಿ ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಹೆಚ್ಚು ಬೇಕು. ಇದನ್ನು ನಾನು ದೊಡ್ಡ ತಪ್ಪು ಅನ್ನುವುದಿಲ್ಲ. ಗ್ಲೋಬ್ ಸಣ್ಣದು ಅಂತ ಭೂಗೋಳ ಓದುವುದನ್ನು ಬಿಡುತ್ತೇವೆಯೇ?

ಆದರೆ ಆಟ ಕಾಗದದ ಹಾಗೆ ಚಪ್ಪಟೆ. ಎಡಕ್ಕೆ ಬಲಕ್ಕೆ ವಾಲಬಹುದು, ಒಳಕ್ಕೆ ಹೊರಕ್ಕೆ ಇಲ್ಲ. ಹಾಗಾಗಿ ಆಟದ ಚಂದ್ರನಿಗೆ ಉತ್ತರ, ದಕ್ಷಿಣ ಎಂಬುದೇ ಇಲ್ಲ. ನಮ್ಮ ವಿಕ್ರಮ್ ಇಳಿದದ್ದು ಚಂದ್ರನ ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಅಷ್ಟು ದಕ್ಷಿಣಕ್ಕೆ ಅದುವರೆಗೆ ಯಾರೂ ಮೆಲ್ಲಗೆ ಇಳಿದಿರಲಿಲ್ಲ. ಅದು ಯಾಕೆ ಹೆಚ್ಚುಗಾರಿಕೆ ಅಂತ ಈ ಆಟ ಆಡಿದವರಿಗೆ ಗೊತ್ತಾಗುವುದೇ ಇಲ್ಲ.

ಇಳಿಸುವ ವಿಷಯ ಇನ್ನೂ ಇದೆ. ಆಟದಲ್ಲಿ ನಮ್ಮ ಬೆರಳೇ ಇಳಿಸುತ್ತದೆ. ಟ್ರ್ಯಾಕ್ಟರಿನ ಕೈ ಎಕ್ಸಿಲೇಟರ್ ಹಾಗೆ ಒಂದು ಹಿಡಿ ಇರುತ್ತದೆ, ಹೆಚ್ಚು ಕಡಿಮೆ ಮಾಡುತ್ತಾ ಇಳಿಸಬೇಕು. ನಿಜವಾದ ಚಂದ್ರ 3,84,000 ಕಿ.ಮೀ. ದೂರ ಇದ್ದಾನೆ. ರೇಡಿಯೋ ಸಂಕೇತ ಸೆಕೆಂಡಿಗೆ 3,00,000 ಕಿ.ಮೀ. ಹೋಗುತ್ತದೆ. ಭಾಗಾಕಾರ ಮಾಡಿ ನೋಡಿ, ಹೋಗಲು 1.28 ಸೆಕೆಂಡು, ಬರಲು ಅಷ್ಟೇ. ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬಲ್ಲಿ 32 ಮೀಟರ್ ಅಗಲದ ದೊಡ್ಡ ಆಂಟೆನಾ ಇದೆ. ಅದರಿಂದ "ಈಗ ಎಂಜಿನ್ ಕಡಿಮೆ ಮಾಡು" ಅಂತ ಹೇಳುವಷ್ಟರಲ್ಲಿ ಕಾಲ ಮೀರಿರುತ್ತದೆ. ಆದ್ದರಿಂದ ಕೊನೆಯ ಸುಮಾರು ಹತ್ತೊಂಬತ್ತು ನಿಮಿಷ ವಿಕ್ರಮ್ ತಾನೇ ನೋಡಿಕೊಂಡು ತಾನೇ ಇಳಿಯಿತು. ಹಾಗೆ ನೋಡುವುದನ್ನು ಅದಕ್ಕೆ ಕಲಿಸಲು ವಿಜ್ಞಾನಿಗಳು ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಗೆ ಬಂದಿದ್ದರು. ಚಳ್ಳಕೆರೆ ಹತ್ತಿರದ ಉಳ್ಳಾರ್ತಿಯಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ, ಅದರ ಮೇಲೆ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷೆ ಮಾಡಿದರು. ಬಳ್ಳಾರಿಯಿಂದ ಬೆಂಗಳೂರು ಬಸ್ಸು ಹಿಡಿದರೆ ಚಳ್ಳಕೆರೆ ದಾಟಿಯೇ ಹೋಗುತ್ತೇವೆ! ಇಂಥ ಪರೀಕ್ಷೆಗಳ ಸುಳಿವೂ ಆಟದಲ್ಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಹಿಂದಕ್ಕೆ ಹೋಗುವ ಬಟನ್ನು. ರಾಕೆಟ್ ಒಡೆದರೆ ಒಂದು ಸಲ ಒತ್ತಿದರೆ ಸಾಕು, ಮತ್ತೆ ಹೊಸ ರಾಕೆಟ್ ಉಡಾವಣೆಗೆ ನಿಂತಿರುತ್ತದೆ. ಖರ್ಚಿಲ್ಲ, ಕಾಯುವುದಿಲ್ಲ. ಅದರಿಂದ ಏನಾಗ್ತದೆ ಅಂದ್ರೆ ಯಾಕೆ ಬಿತ್ತು ಅಂತ ಯಾರೂ ಯೋಚನೆ ಮಾಡೋದಿಲ್ಲ. "ಏ ಬಿಡಲೇ, ಇನ್ನೊಂದ್ಸಲ ಒತ್ತು" ಅಂತಾರೆ, ನಮ್ಮ ಓಣಿಯ ಹುಡುಗರು ಆಡುವುದನ್ನು ನೋಡಿದ್ದೇನೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಚಂದ್ರನ ಮೇಲೆ ಬಿದ್ದು ಒಡೆದಾಗ ಅಂಥ ಬಟನ್ನು ಯಾರ ಹತ್ತಿರವೂ ಇರಲಿಲ್ಲ. ಎಂಜಿನ್ನುಗಳು ಲೆಕ್ಕಕ್ಕಿಂತ ಹೆಚ್ಚು ತಳ್ಳಿದ್ದವು, ಇಳಿಯಲು ಗೊತ್ತು ಮಾಡಿದ್ದ ಜಾಗ 500 ಮೀಟರ್ ಉದ್ದ 500 ಮೀಟರ್ ಅಗಲ ಅಷ್ಟೇ ಇತ್ತು ಎಂದು ಕಾರಣ ಹುಡುಕಿದರು. ಹೊಸ ವಿಕ್ರಮ್‌ಗೆ ಐದರ ಬದಲು ನಾಲ್ಕು ಎಂಜಿನ್ ಇಟ್ಟರು, ಕಾಲು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ನಾಲ್ಕು ಕಿ.ಮೀ. ಉದ್ದ, ಎರಡು ಕಿ.ಮೀ.ಗೂ ಹೆಚ್ಚು ಅಗಲ ಮಾಡಿದರು. ಇಷ್ಟಕ್ಕೆ ಹಿಡಿದದ್ದು ಹದಿನೈದು ದಿನ ಕಡಿಮೆ ನಾಲ್ಕು ವರ್ಷ. ನನ್ನನ್ನು ಕೇಳಿದರೆ ಆ ಬಟನ್ನು ಒತ್ತುವ ಮೊದಲು "ಯಾಕೆ ಬಿತ್ತು?" ಅಂತ ಒಂದು ಸಾಲು ಬರೆಯಲೇಬೇಕು ಎಂಬ ನಿಯಮ ಆಟದಲ್ಲಿ ಇರಬೇಕಿತ್ತು. ಈಗ ಅದಿಲ್ಲದ್ದಕ್ಕೆ ನಾನು ರಫ್ ನೋಟಿನಲ್ಲಿ ಬರೆದಿಡುತ್ತೇನೆ. ಹದಿನೇಳು ಸಾಲು ಆಗಿವೆ.

ದುಡ್ಡಿನ ವಿಷಯವನ್ನೂ ಹೇಳಿಬಿಡಬೇಕು. ಆಟ ಪುಕ್ಕಟೆ. ದೊಡ್ಡ ಟ್ಯಾಂಕು, ದೊಡ್ಡ ಎಂಜಿನ್ನು ಬೇಕಾದರೆ ರೊಕ್ಕ ಕೇಳುತ್ತದೆ. ಪುಕ್ಕಟೆ ಸಾಮಾನಿನಲ್ಲೇ ಚಂದ್ರನ ತನಕ ಹೋಗಬಹುದು, ಆದ್ದರಿಂದ ಯಾರೂ ಅಪ್ಪನ ಫೋನಿನಿಂದ ಕದ್ದು ರೊಕ್ಕ ಕಟ್ಟುವುದು ಬೇಡ. ಅಜ್ಜಿಯ ಮಾತು ಅಷ್ಟು ಮಟ್ಟಿಗೆ ನಿಜ.

ಕೊನೆಯದಾಗಿ ಗುರುಗಳಲ್ಲಿ ಒಂದು ವಿನಂತಿ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಫೋನ್ ಮುಟ್ಟಲು ಸಿಗುವುದು ಹೆಚ್ಚಾಗಿ ಹುಡುಗರಿಗೆ. "ಹುಡುಗಿಗ್ಯಾಕೆ ಫೋನು" ಅನ್ನುವ ಮನೆಗಳೇ ಜಾಸ್ತಿ. ನಾನು ಆಡುವ ಆಟದಲ್ಲಿ ಬರುವ ಪದಗಳೆಲ್ಲ ಇಂಗ್ಲಿಷಿನಲ್ಲಿವೆ, ಅದನ್ನು ನೋಡಿಯೇ ಫೋನ್ ಸಿಕ್ಕವರೂ ಅರ್ಧಕ್ಕೆ ಬಿಡುತ್ತಾರೆ. ಆಗ ಬಂದೂಕಿನ ಆಟಕ್ಕೇ ಹೋಗುತ್ತಾರೆ, ಅದಕ್ಕೆ ಭಾಷೆ ಬೇಡವಲ್ಲ. ತಿಂಗಳಿಗೆ ಒಂದು ವಿಜ್ಞಾನ ಪಿರಿಯಡ್‌ನಲ್ಲಿ ಗುರುಗಳ ಫೋನನ್ನು ಶಾಲೆಯ ಟಿವಿಗೆ ಜೋಡಿಸಿ ಎಲ್ಲರೂ ಕೂಡಿ ಒಂದು ರಾಕೆಟ್ ಹಾರಿಸಿದರೆ ಫೋನ್ ಇಲ್ಲದವರೂ ಕಕ್ಷೆ ಅಂದರೇನು ಅಂತ ಕಣ್ಣಾರೆ ನೋಡುತ್ತಾರೆ. ಒಬ್ಬರು ಕಟ್ಟಲಿ, ಒಬ್ಬರು ಹಾರಿಸಲಿ, ಒಬ್ಬರು ಯಾಕೆ ಬಿತ್ತು ಅಂತ ಕರಿಹಲಗೆಯ ಮೇಲೆ ಬರೆಯಲಿ. ಆಟದಲ್ಲಿ ಬರುವ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದ ಎರಡು ಪುಟದ ಪಟ್ಟಿ ನನ್ನ ಹತ್ತಿರ ಇದೆ. ಬೇಕಾದವರು ಊಟದ ಬಿಡುವಿನಲ್ಲಿ ಬಂದು ನಕಲು ಮಾಡಿಕೊಳ್ಳಬಹುದು.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ,
ರೂಪನಗುಡಿ