ಮೂಲೆಯಿಂದ ಐವತ್ತು ಮೀಟರ್

ಮೊನ್ನೆ ಆಫೀಸಿನಲ್ಲಿ ಮೀಟಿಂಗ್ ನಡೀತಾ ಇರುವಾಗ ಮೊಬೈಲಿಗೆ ಒಂದು ಮೆಸೇಜ್ ಬಂತು. ನನ್ನ ಕಾರಿನ ನಂಬರು, ತಪ್ಪು ಪಾರ್ಕಿಂಗ್, ದಂಡ ಒಂದು ಸಾವಿರ ರೂಪಾಯಿ. ಈಗ ಚಲನ್ ಹೆಸರಿನಲ್ಲಿ ಲಿಂಕ್ ಕಳಿಸಿ ದುಡ್ಡು ಎತ್ತುವ ಕಳ್ಳರು ಬೇಕಾದಷ್ಟು ಇದ್ದಾರಲ್ಲ, ಅದಕ್ಕೇ ಲಿಂಕ್ ಮುಟ್ಟದೆ ನೇರವಾಗಿ ಸಂಚಾರ ಪೊಲೀಸರ ಸೈಟಿಗೆ ಹೋಗಿ ನಂಬರ್ ಹಾಕಿ ನೋಡಿದೆ. ಕಳ್ಳರಲ್ಲ, ಪೊಲೀಸರೇ :-)

ಹಿಂದಿನ ಭಾನುವಾರ ಬೆಳಿಗ್ಗೆ ಅಪ್ಪನ ಬಿಪಿ ಮಾತ್ರೆ ತರೋಕೆ ಜಯನಗರದಲ್ಲಿ ಒಂದು ಕ್ರಾಸು ಮೈನ್ ರೋಡಿಗೆ ಸೇರುವ ಮೂಲೆಯಲ್ಲಿ ಕಾರು ನಿಲ್ಲಿಸಿದ್ದೆ. ಹೆಚ್ಚೆಂದರೆ ಹತ್ತು ನಿಮಿಷ. ನೋ ಪಾರ್ಕಿಂಗ್ ಬೋರ್ಡ್ ಇರಲಿಲ್ಲ. ನನ್ನ ಹಿಂದೆ ಸಾಲಾಗಿ ಇನ್ನೂ ಆರೇಳು ಗಾಡಿ ನಿಂತಿದ್ದವು. ಸಿಟ್ಟು ಬರದೆ ಇರುತ್ತಾ, ನೀವೇ ಹೇಳಿ.

ಪಕ್ಕದ ಸೀಟಿನ ಗೆಳೆಯನ ಸಲಹೆ ಸರಳವಾಗಿತ್ತು. "ಕಟ್ಟಬೇಡ ಮಾರಾಯ, ಕಾಯಿ. ಮತ್ತೆ ಅರ್ಧ ಬೆಲೆಗೆ ಸೇಲ್ ಬರುತ್ತೆ." ಅವನು ಹೇಳಿದ್ದು ತಮಾಷೆಯಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ಬೆಂಗಳೂರೊಂದರಲ್ಲೇ 100 ಕೋಟಿ ರೂಪಾಯಿಗೂ ಹೆಚ್ಚು ಬಂತು. ಆಮೇಲೆ ಅದೇ ವರ್ಷ ಮತ್ತೆ, 2025ರಲ್ಲಿ ಮತ್ತೆ. ಸಮಯಕ್ಕೆ ಸರಿಯಾಗಿ ಪೂರ್ತಿ ಕಟ್ಟಿದವನು ಪೆದ್ದ, ಕಾದವನು ಜಾಣ. ಹಬ್ಬದ ಹೊತ್ತಿಗೆ ಸೀರೆ ಅಂಗಡಿಯವರು ಮಾಡೋದನ್ನ ಸರ್ಕಾರ ಮಾಡಿದರೆ ದಂಡ ದಂಡವಾಗಿ ಉಳಿಯುತ್ತಾ?

ನಾನು ಕಾಯೋದೂ ಬೇಡ, ಕಟ್ಟೋದೂ ಬೇಡ, ಜಗಳವೇ ಆಡೋಣ ಅಂತ ಕೂತೆ. ಜಗಳಕ್ಕೆ ಮೊದಲು ಕಾನೂನು ಓದಬೇಕಲ್ಲ. ಓದಿದೆ.

1989ರ ರಸ್ತೆ ನಿಯಮಗಳಲ್ಲಿ ಇದ್ದದ್ದು ಇಷ್ಟೇ: ರಸ್ತೆ ಕೂಡುವ ಕಡೆ, ತಿರುವಿನಲ್ಲಿ, ಅಥವಾ ಅವುಗಳ "ಹತ್ತಿರ" ಗಾಡಿ ನಿಲ್ಲಿಸಬಾರದು. ಹತ್ತಿರ ಅಂದರೆ ಎಷ್ಟು ಅಂತ ಬರೆದಿರಲಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದು ಹೊಸ ಚಾಲನಾ ನಿಯಮಗಳನ್ನು ತಂದಿತು. ಅದರಲ್ಲಿ ಅಳತೆ ಬಂತು. ಜಂಕ್ಷನ್ನಿನ ಅಂಚಿನಿಂದ ಆಚೆಗೂ ಈಚೆಗೂ 50 ಮೀಟರ್ ಪಾರ್ಕಿಂಗ್ ಇಲ್ಲ. ಬೋರ್ಡ್ ಇರಲಿ ಬಿಡಲಿ, ನಿಯಮ ನಿಯಮವೇ. ಅಲ್ಲಿಗೆ ನನ್ನ "ಬೋರ್ಡ್ ಇರಲಿಲ್ಲ ಸ್ವಾಮಿ" ಅನ್ನೋ ವಾದ ಠುಸ್.

ಆದರೆ 50 ಮೀಟರ್ ಅನ್ನೋದನ್ನ ಓದಿದಾಗ ತಲೆಯಲ್ಲಿ ಲೆಕ್ಕ ಶುರುವಾಯ್ತು. ಜಯನಗರದ ನಕ್ಷೆ ನೆನಪಿಸಿಕೊಳ್ಳಿ. 1948ರಲ್ಲಿ ಶುರುವಾದ ಬಡಾವಣೆ, ಮೈನುಗಳು ಒಂದು ದಿಕ್ಕಿಗೆ, ಕ್ರಾಸುಗಳು ಇನ್ನೊಂದು ದಿಕ್ಕಿಗೆ, ಚೌಕುಳಿ ಪಂಚೆ ಹಾಸಿದ ಹಾಗೆ. ಎರಡು ಕ್ರಾಸುಗಳ ನಡುವೆ ಎರಡು 40×60 ಸೈಟುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ ಅಂದುಕೊಳ್ಳಿ. 60 ಅಡಿ ಮತ್ತು 60 ಅಡಿ, ಒಟ್ಟು 120 ಅಡಿ, ಅಂದರೆ ಮೂವತ್ತಾರೂವರೆ ಮೀಟರ್. ಬಿಟಿಎಮ್ಮು, ಬನಶಂಕರಿ ಕಡೆಯ 30×40 ಸೈಟುಗಳಾದರೆ 80 ಅಡಿ, 24 ಮೀಟರ್ ಚಿಲ್ಲರೆ. ಒಂದು ಮೂಲೆಯಿಂದ 50 ಮೀಟರ್ ಬಿಡೋಣ ಅಂತ ಹೊರಟರೆ ಮುಂದಿನ ಮೂಲೆಯನ್ನೂ ದಾಟಿ ಹೋಗಿರುತ್ತೀರಿ! ಹಾಗಾಗಿ ಮೈನ್ ರೋಡಿನುದ್ದಕ್ಕೂ ಕಾರು ನಿಲ್ಲಿಸಬಹುದಾದ ಒಂದೇ ಒಂದು ಇಂಚು ಜಾಗ ಇಲ್ಲ. ಉದ್ದನೆಯ ಕ್ರಾಸುಗಳ ನಡುಮಧ್ಯೆ ಒಂದಷ್ಟು ಉಳಿಯಬಹುದು, ಆದರೆ ಅಲ್ಲಿ ಮನೆಗಳ ಗೇಟು ಇರುತ್ತೆ, ಗೇಟಿನ ಮುಂದೆ ನಿಲ್ಲಿಸೋದಕ್ಕೂ ಅದೇ ನಿಯಮದಲ್ಲಿ ನಿಷೇಧ.

ನಿಯಮ ಬರೆದವರ ಕಣ್ಣ ಮುಂದೆ ಯಾವುದೋ ಹೆದ್ದಾರಿ ಇತ್ತೇನೋ ಅಂತ ನನ್ನ ಅನುಮಾನ. ನಮ್ಮ ಕೆಲಸದಲ್ಲಿ ಇರೋಬರೋ ಟೆಸ್ಟೆಲ್ಲ ಫೇಲ್ ಆದರೆ ಕೋಡ್ ನೋಡೋಕೆ ಮುಂಚೆ ಟೆಸ್ಟ್ ಬರೆದವನನ್ನ ಹುಡುಕಿಕೊಂಡು ಹೋಗ್ತೀವಿ. ಇಲ್ಲೂ ಹಾಗೇ. ಇಡೀ ರಸ್ತೆಯೇ ಅಪರಾಧಿ ಆದಾಗ ಯಾರಿಗೆ ದಂಡ ಅನ್ನೋದು ಲಾಟರಿ. ಮೂಲೆಗೇ ಮೂತಿ ತೂರಿಸಿ ನಿಲ್ಲಿಸಿದವನೂ, 30 ಮೀಟರ್ ಬಿಟ್ಟು ತನ್ನ ಮನೆ ಗೋಡೆಗೆ ಒತ್ತಿ ನಿಲ್ಲಿಸಿದವನೂ ಕಾನೂನಿನ ಲೆಕ್ಕದಲ್ಲಿ ಒಂದೇ. ಹಾಗಿರುವಾಗ ಚೀಟಿ ಸಿಕ್ಕವನು "ನಾನೇನು ತಪ್ಪು ಮಾಡಿದೆ" ಅಂತ ಯೋಚಿಸಲ್ಲ, "ನಾನೇ ಯಾಕೆ" ಅಂತ ಯೋಚಿಸ್ತಾನೆ. ನಾನೂ ಅದನ್ನೇ ಯೋಚಿಸಿದ್ದು.

ಜಗಳ ಆಡೋ ದಾರಿ ಇದ್ದೇ ಇದೆ. ಕೇಸು ವರ್ಚುವಲ್ ಕೋರ್ಟಿಗೆ ಹೋದರೆ ಅಲ್ಲಿ ದಂಡ ಕಟ್ಟುತ್ತೇನೆ ಅಥವಾ ವಾದ ಮಾಡುತ್ತೇನೆ ಅಂತ ಎರಡು ಆಯ್ಕೆ. ಎರಡನೆಯದನ್ನು ಒತ್ತಿದರೆ ಕೇಸು ಮಾಮೂಲಿ ಕೋರ್ಟಿಗೆ ಬರುತ್ತೆ, ರಜೆ ಹಾಕಿ ಹೋಗಬೇಕು. ಕ್ಯಾಮೆರಾದಿಂದ ಹಾಕುವ ಕೇಸುಗಳಿಗೆ 2021ರಲ್ಲಿ ಬಂದ ನಿಯಮದ ಪ್ರಕಾರ 15 ದಿನದೊಳಗೆ ನೋಟಿಸ್ ಕಳಿಸಬೇಕು, ನಂಬರ್ ಪ್ಲೇಟ್ ಕಾಣುವ ಫೋಟೋ, ಜಾಗ, ದಿನಾಂಕ, ಸಮಯ ಎಲ್ಲ ಇರಬೇಕು. ನಿಮ್ಮ ಗಾಡಿಯೇ ಅಲ್ಲದಿದ್ದರೆ, ಯಾರೋ ನಿಮ್ಮ ನಂಬರ್ ಹಾಕಿಕೊಂಡು ಓಡಾಡ್ತಿದ್ದರೆ, ಖಂಡಿತ ಹೋಗಿ ವಾದ ಮಾಡಿ, ಸಾವಿರ ರೂಪಾಯಿಗೆ ಅಲ್ಲ, ಮರ್ಯಾದೆಗೆ.

ನನ್ನ ಕೇಸಿನಲ್ಲಿ ಅಂಥ ತಪ್ಪೇನಾದರೂ ಸಿಗುತ್ತಾ ಅಂತ ಫೋಟೋ ದೊಡ್ಡದು ಮಾಡಿ ನೋಡಿದೆ. ನಂಬರ್ ಪ್ಲೇಟ್ ಸ್ಪಷ್ಟ. ಸಮಯ ಸರಿ. ಜಾಗ ಸರಿ. ಆಮೇಲೆ ಕಂಡಿದ್ದು ಫೋಟೋದ ಎಡಗಡೆಯಲ್ಲಿ ಇನ್ನೊಬ್ಬರು.

ಒಬ್ಬ ವಯಸ್ಸಾದ ಹೆಂಗಸು. ಕೈಯಲ್ಲಿ ತರಕಾರಿ ಚೀಲ. ಫುಟ್‌ಪಾತಿನಿಂದ ಇಳಿದು, ನನ್ನ ಕಾರಿನ ಬಾನೆಟ್ಟಿನ ಪಕ್ಕದಿಂದ ಕತ್ತು ಮುಂದೆ ಚಾಚಿ, ಬಲಕ್ಕೆ ಇಣುಕಿ ನೋಡ್ತಾ ಇದ್ದಾರೆ. ಗಾಡಿ ಬರ್ತಾ ಇದೆಯಾ ಅಂತ ತಿಳಿಯಬೇಕಾದರೆ ಅವರು ರಸ್ತೆಗೇ ಬರಬೇಕು, ಬೇರೆ ದಾರಿ ಇಲ್ಲ. ಯಾಕೆಂದರೆ ಅವರು ನೋಡಬೇಕಾದ ಜಾಗದಲ್ಲಿ ನನ್ನ ಕಾರಿದೆ.

ಸಂಜೆ ಟೇಪ್ ತಗೊಂಡು ಹೋಗಿ ಅಳೆದೆ (ಹೌದು, ಹುಚ್ಚು). ಫೋಟೋದಲ್ಲಿ ಮುಂದಿನ ಚಕ್ರದ ಪಕ್ಕ ಲೈಟ್ ಕಂಬ ಇತ್ತು. ಕಂಬದಿಂದ ಮೂಲೆಗೆ ಮೂರು ಮೀಟರ್ ಮೇಲೆ ಒಂದು ಗೇಣು. ಐವತ್ತೂ ಬೇಡ, ಐದರ ನಿಯಮ ಇದ್ದಿದ್ದರೂ ನಾನು ಸಿಕ್ಕಿಬೀಳ್ತಿದ್ದೆ.

ನಿಜವಾಗಿಯೂ ಐದರ ನಿಯಮ ಇರುವ ದೇಶಗಳಿವೆ. ಜರ್ಮನಿಯಲ್ಲಿ ಮೂಲೆಯಿಂದ 5 ಮೀಟರ್. ಬ್ರಿಟನ್ನಿನ ಹೈವೇ ಕೋಡಿನಲ್ಲಿ 10 ಮೀಟರ್. ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ ಪಾದಚಾರಿಗಳು ದಾಟುವ ಜಾಗಕ್ಕೆ ಮುಂಚೆ 20 ಅಡಿ, ಅಂದರೆ ಆರು ಮೀಟರ್. ಅಳತೆ ಸಣ್ಣದು, ಅದಕ್ಕೇ ಪಾಲಿಸೋಕೆ ಆಗುತ್ತೆ. ಒಂದು ಕಾರಿನ ಜಾಗ ಬಿಟ್ಟರೆ ಸಾಕು, ದಾಟುವವರಿಗೆ ರಸ್ತೆ ಕಾಣುತ್ತೆ, ತಿರುಗುವ ಸ್ಕೂಟರಿನವನಿಗೆ ದಾಟುವವರು ಕಾಣುತ್ತಾರೆ.

ನಮ್ಮಲ್ಲೂ ಹಾಗೇ ಮಾಡಲಿ. ಜಯನಗರ, ಜೆಪಿ ನಗರದ ಪ್ರತಿ ಮೂಲೆಯಲ್ಲೂ 10 ಮೀಟರ್ ಹಳದಿ ಬಣ್ಣ ಬಳಿಯಲಿ, ಎರಡು ಕಲ್ಲಿನ ಗೂಟ ನೆಡಲಿ. ಅದರೊಳಗೆ ನಿಂತವನಿಗೆ ಯಾವ ಮುಲಾಜೂ ಇಲ್ಲದೆ, ಯಾವ ರಿಯಾಯಿತಿಯೂ ಇಲ್ಲದೆ, ಪ್ರತಿ ಸಲವೂ ದಂಡ ಹಾಕಲಿ. ಮಿಕ್ಕ ಜಾಗಕ್ಕೆ ಬೇಕಾದರೆ ದುಡ್ಡು ತಗೊಳ್ಳಲಿ. ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದೆ ನಿಲ್ಲಿಸೋಕೆ ವರ್ಷಕ್ಕೆ ಇಷ್ಟು ಅಂತ ಪರ್ಮಿಟ್ ಕೊಡುವ ಮಾತು ಕೆಲವು ವರ್ಷದ ಹಿಂದೆಯೇ ಬಂದಿತ್ತು. ಆಗ ಬೈದವರಲ್ಲಿ ನಾನೂ ಒಬ್ಬ. ಈಗ ಕೊಡ್ತೀನಿ.

ಸಾವಿರ ರೂಪಾಯಿ ಪೂರ್ತಿ ಕಟ್ಟಿದೆ. ಗೆಳೆಯ ಇನ್ನೂ ನಗ್ತಾ ಇದ್ದಾನೆ. ಈ ಭಾನುವಾರ ಮತ್ತೆ ಮಾತ್ರೆ ತರೋಕೆ ಹೋದಾಗ ನಾಲ್ಕು ಮನೆ ಒಳಗೆ ನಿಲ್ಲಿಸೋಣ ಅಂತ ಹೋದರೆ, ಒಬ್ಬ ಯಜಮಾನರು ಹೊರಗೆ ಬಂದು "ಇಲ್ಲಿ ಬೇಡಪ್ಪಾ, ಮುಂದೆ ಮೂಲೆಯಲ್ಲಿ ಖಾಲಿ ಇದೆ ನೋಡು" ಅಂದರು. ಕಾರು ವಾಪಸ್ ಮನೆಗೆ ತಂದು ನಿಲ್ಲಿಸಿ, ನಡ್ಕೊಂಡು ಹೋಗಿ ಬಂದೆ. ಹೋಗೋಕೆ ಹನ್ನೆರಡು ನಿಮಿಷ ಆಯ್ತು.