ಅನ್ವಯವಿಲ್ಲದ ತಾತ್ಪರ್ಯವೇಕೆ?

ಪದಚ್ಛೇದ, ಅನ್ವಯಗಳನ್ನರಿಯದೆ ತಾತ್ಪರ್ಯವನ್ನಷ್ಟೇ ಕಂಠಪಾಠ ಮಾಡಿದವನ ಪಾಂಡಿತ್ಯವು ಹೊಸ ಪದ್ಯವೊಂದು ಎದುರಾದೊಡನೆ ಕುಸಿಯುತ್ತದೆ. ಗಣಕದಲ್ಲಿ ಶೇಖರಿಸಿದ ದತ್ತಾಂಶವನ್ನು ಪ್ರಶ್ನಿಸಲು ಕಲಿಯುವವರಿಗೂ ಈ ಮಾತು ಸಲ್ಲುತ್ತದೆ. ಎಸ್‌ಕ್ಯೂಎಲ್ ಭಾಷೆಯ ಸಿದ್ಧವಾಕ್ಯಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ಮೊದಲು, ಅದಕ್ಕೆ ಆಧಾರವಾದ ಸಂಬಂಧಗಳ ಬೀಜಗಣಿತವನ್ನು ಕಲಿಸುವುದೇ ಯುಕ್ತವಾದುದು.

1970ರಲ್ಲಿ ಎಡ್ಗರ್ ಕಾಡ್ ಅವರು ದತ್ತಾಂಶವನ್ನು ಕೋಷ್ಟಕರೂಪದ ಸಂಬಂಧಗಳೆಂದು ಪರಿಭಾವಿಸಿ ಈ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದರು. ಇದರಲ್ಲಿ ಆಯ್ಕೆಯು ಅಡ್ಡಸಾಲುಗಳನ್ನೂ ಪ್ರಕ್ಷೇಪವು ಕಂಬಸಾಲುಗಳನ್ನೂ ಆರಿಸುತ್ತದೆ. ಸಂಯೋಗವು ಎರಡು ಕೋಷ್ಟಕಗಳನ್ನು ಬೆಸೆಯುತ್ತದೆ. ಪ್ರತಿಯೊಂದು ಕ್ರಿಯೆಯ ಫಲವೂ ಮತ್ತೊಂದು ಕೋಷ್ಟಕವೇ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಆರ್‌ಎಡಿಬಿ’ ಎಂಬ ಉಚಿತ ಸಾಧನವು ಈ ಅಭ್ಯಾಸಕ್ಕೆ ಉಪಕಾರಿಯಾಗಿದೆ. ಪೈಥಾನ್ ಇರುವ ಗಣಕದಲ್ಲಿ ‘ಪಿಪ್’ ಮೂಲಕ ಒಂದೇ ಆಜ್ಞೆಯಿಂದ ಅದನ್ನು ಸ್ಥಾಪಿಸಬಹುದು. ಬರೆದ ಸೂತ್ರವನ್ನು ಅದು ಎಸ್‌ಕ್ಯೂಎಲ್‌ಗೆ ಪರಿವರ್ತಿಸಿ ಉತ್ತರವನ್ನು ತರುತ್ತದೆ. ಸೂತ್ರಾಂತ್ಯದ ಅರ್ಧವಿರಾಮವನ್ನು ಮರೆತರೆ ಮೌನವಾಗಿ ಕಾಯುತ್ತದೆ. ಸಾಧನವೇ ಕೆಟ್ಟಿತೆಂದು ಹೊಸಬನು ಗಾಬರಿಗೊಳ್ಳಬೇಕಾಗಿಲ್ಲ. ಮೊದಲ ದಿನ ಆಯ್ಕೆಯೊಂದನ್ನೇ ಮಾಡಿ ಫಲವನ್ನು ನೋಡಲಿ. ಅನಂತರ ಅದಕ್ಕೆ ಪ್ರಕ್ಷೇಪವನ್ನು ಸೇರಿಸಲಿ.

ಇದು ನಿಧಾನದ ದಾರಿಯೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಹೆಜ್ಜೆಹೆಜ್ಜೆಗೂ ಫಲವನ್ನು ಪರೀಕ್ಷಿಸಿದವನು ತಪ್ಪು ಎಲ್ಲಿ ನುಸುಳಿತೆಂಬುದನ್ನು ತಾನೇ ಕಾಣಬಲ್ಲನು. ಉತ್ತರ ಬಂದಿತೆಂಬ ಮಾತ್ರಕ್ಕೆ ಅದು ಸರಿಯೆಂದು ನಂಬದಿರುವ ವಿವೇಕವೇ ವಿದ್ಯೆಯ ನಿಜವಾದ ಫಲ.