ಕಟ್ಟುವ ಕೈ, ಬಿಚ್ಚುವ ಕೈ

ಮನೆ ಬದಲಾಯಿಸಿದ ಸಂಸಾರಸ್ಥರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಿರಿಯರ ಕಾಲದ ದೊಡ್ಡ ಮಂಚ ಇದ್ದುದು ಇದ್ದ ಹಾಗೆ ಬಾಗಿಲು ದಾಟುವುದಿಲ್ಲ. ಕಾಲುಗಳನ್ನು ಕಳಚಬೇಕು, ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿಯಬೇಕು, ಹೊಸ ಮನೆಯಲ್ಲಿ ಎಲ್ಲವನ್ನೂ ಮರಳಿ ಜೋಡಿಸಬೇಕು. ಕಳಚಿದವನೇ ಜೋಡಿಸುವವನೂ ಆದರೆ ತೊಡಕಿಲ್ಲ. ಆದರೆ ಕಳಚುವವನು ಧಾರವಾಡದಲ್ಲಿ, ಜೋಡಿಸುವವನು ಮೈಸೂರಿನಲ್ಲಿ, ಇಬ್ಬರಿಗೂ ಮುಖಪರಿಚಯವೇ ಇಲ್ಲ ಎಂದಾದರೆ? ಆಗ ಯಾವ ತುಂಡು ಎಲ್ಲಿ ಕೂಡಬೇಕೆಂಬ ವಿಷಯದಲ್ಲಿ ಇಬ್ಬರೂ ಮೊದಲೇ ಒಪ್ಪಿದ ಗುರುತುಗಳು ಇರಲೇಬೇಕು.

ಗಣಕಯಂತ್ರದ ಸ್ಮೃತಿಯಲ್ಲಿರುವ ಮಾಹಿತಿಯೂ ಇಂಥ ಮಂಚವೇ. ಅಲ್ಲಿ ಒಬ್ಬರ ಹೆಸರು ಒಂದೆಡೆ, ವಯಸ್ಸು ಇನ್ನೊಂದೆಡೆ, ಮಕ್ಕಳ ಪಟ್ಟಿ ಮತ್ತೊಂದೆಡೆ ಇದ್ದು, ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ತಂತಿಯ ಮೇಲಾಗಲಿ ಗಾಳಿಯಲ್ಲಾಗಲಿ ಸಾಗಬಲ್ಲದ್ದಾದರೋ ಒಂದರ ಹಿಂದೊಂದು ನಡೆಯುವ ಚಿಹ್ನೆಗಳ ಸಾಲು ಮಾತ್ರ. ಆದುದರಿಂದ ಮಾಹಿತಿಯನ್ನು ಬಿಡಿಸಿ ಸಾಲಾಗಿ ಬರೆಯಬೇಕಾಗುತ್ತದೆ. ಇದಕ್ಕೆ ಎನ್‌ಕೋಡಿಂಗ್ ಎಂದು ಹೆಸರು. ಆ ಸಾಲನ್ನೋದಿ ಮೊದಲಿನ ಆಕಾರವನ್ನು ಮತ್ತೆ ಕಟ್ಟುವುದೇ ಡಿಕೋಡಿಂಗ್. ಈ ಕೆಲಸಕ್ಕೆ ಇಂದು ಬಹು ವ್ಯಾಪಕವಾಗಿ ಬಳಕೆಯಲ್ಲಿರುವ ಒಪ್ಪಂದದ ಹೆಸರು ಜೇಸನ್. ಅದರ ರೂಪ ಹೀಗಿರುತ್ತದೆ:

{ "ಹೆಸರು": "ಸರಸ್ವತಿ", "ವಯಸ್ಸು": 34, "ಮಕ್ಕಳು": ["ರವಿ", "ಉಷಾ"] }

ವಿವರಿಸಿ ಹೇಳಬೇಕಾದುದು ಹೆಚ್ಚೇನೂ ಇಲ್ಲ. ಪುಷ್ಪಾವರಣದೊಳಗೆ ಹೆಸರು ಮತ್ತು ಬೆಲೆಗಳ ಜೋಡಿಗಳು. ಚೌಕಾವರಣದೊಳಗೆ ಕ್ರಮವಾದ ಪಟ್ಟಿ. ಉದ್ಧರಣ ಚಿಹ್ನೆಗಳ ನಡುವೆ ಬರಹ. ಬರಿದೇ ನಿಂತದ್ದು ಸಂಖ್ಯೆ. ಇವುಗಳ ಜೊತೆಗೆ ನಿಜ–ಸುಳ್ಳುಗಳ ಒಂದು ಬಗೆ, ‘ಏನೂ ಇಲ್ಲ’ ಎಂಬುದರ ಒಂದು ಬಗೆ. ಒಟ್ಟು ಆರೇ ಬಗೆಗಳಲ್ಲಿ ಇಡೀ ವ್ಯಾಕರಣ ಮುಗಿಯಿತು.

ಈ ಒಪ್ಪಂದದ ಜನ್ಮವೃತ್ತಾಂತವೂ ಸ್ವಾರಸ್ಯವಾದುದೇ. 1995ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಎಂಬಾತ ಹತ್ತು ದಿನಗಳ ಅವಸರದಲ್ಲಿ ಒಂದು ಭಾಷೆಯ ಮೊದಲ ರೂಪವನ್ನು ರಚಿಸಿದನು; ಅದೇ ಜಾವಾಸ್ಕ್ರಿಪ್ಟ್. 2001ರಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ ಎಂಬಿಬ್ಬರು, ಆ ಭಾಷೆಯಲ್ಲಿ ಮಾಹಿತಿಯನ್ನು ಬರೆದಿಡುವ ರೀತಿಯನ್ನೇ ಓಲೆಯಾಗಿ ಕಳುಹಿಸಿದರೆ ಹೇಗೆಂದು ಯೋಚಿಸಿದರು. ಅವರು ಕಳುಹಿಸಿದ ಮೊದಲ ಓಲೆಯೇ ಮುಗ್ಗರಿಸಿತು! ಅದರೊಳಗಿನ ಒಂದು ಜೋಡಿಗೆ ಅವರಿಟ್ಟಿದ್ದ ಹೆಸರು ‘ಡು’. ಅದು ಜಾವಾಸ್ಕ್ರಿಪ್ಟ್ ತನಗಾಗಿಯೇ ಕಾದಿರಿಸಿಕೊಂಡಿದ್ದ ಆಜ್ಞಾಪದ. ಯಂತ್ರ ಅದನ್ನು ಹೆಸರೆಂದು ತಿಳಿಯದೆ ಅಪ್ಪಣೆಯೆಂದು ಭಾವಿಸಿತು. ಅಂಥ ಪದಗಳ ಪಟ್ಟಿಯನ್ನು ಜನರಿಗೆ ಕಂಠಪಾಠ ಮಾಡಿಸುವ ಬದಲು ಅವರು ಸುಲಭೋಪಾಯವೊಂದನ್ನು ಹಿಡಿದರು: ಹೆಸರು ಯಾವುದೇ ಇರಲಿ, ಅದು ಉದ್ಧರಣ ಚಿಹ್ನೆಗಳೊಳಗೇ ಇರತಕ್ಕದ್ದು. ಇಂದಿಗೂ ಅದೇ ನಿಯಮ ನಡೆದು ಬಂದಿದೆ. ಮುಂದೆ ಕೆಲವರು ಓಲೆಗಳಲ್ಲಿ ಟಿಪ್ಪಣಿಯ ನೆಪದಿಂದ ಯಂತ್ರಕ್ಕೆ ಗುಟ್ಟಿನ ಸೂಚನೆಗಳನ್ನು ಬರೆಯತೊಡಗಿದಾಗ, ಕ್ರಾಕ್‌ಫರ್ಡ್ ಟಿಪ್ಪಣಿಗಳನ್ನೇ ತೆಗೆದುಹಾಕಿದನು. ಇಬ್ಬರಿಗೆ ಮಾತ್ರ ತಿಳಿಯುವ ಗುಟ್ಟು ಸೇರಿದರೆ ಎಲ್ಲರ ಒಪ್ಪಂದ ಕೆಡುತ್ತದೆಂಬುದು ಅವನ ಅಭಿಪ್ರಾಯ.

ಜಾವಾಸ್ಕ್ರಿಪ್ಟಿನ ಮನೆಯಲ್ಲಿ ಹುಟ್ಟಿದ ಈ ಕೂಸು ಬೇಗನೆ ನೆರೆಮನೆಗಳಲ್ಲೂ ಬೆಳೆಯತೊಡಗಿತು. ಅವುಗಳಲ್ಲೊಂದು ಪೈಥಾನ್. ಹಾಲೆಂಡಿನ ಗೀಡೋ ವಾನ್ ರಾಸಮ್ 1991ರಲ್ಲಿ ಲೋಕಕ್ಕೆ ಕೊಟ್ಟ ಈ ಸ್ಕ್ರಿಪ್ಟ್ ಭಾಷೆಗೆ ಹೆಸರು ಬಂದುದು ಹೆಬ್ಬಾವಿನಿಂದಲ್ಲ, ಬ್ರಿಟಿಷ್ ದೂರದರ್ಶನದ ಒಂದು ಹಾಸ್ಯಮಾಲಿಕೆಯಿಂದ. 2008ರಲ್ಲಿ ಬಂದ ಅದರ 2.6ನೆಯ ಆವೃತ್ತಿಯೊಡನೆ ಜೇಸನ್ ಉಪಕರಣವೂ ಸೇರಿಕೊಂಡಿತು. ಅದರಲ್ಲಿ ‘ಡಂಪ್ಸ್’ ಎಂದರೆ ಮಾಹಿತಿಯನ್ನು ಬರಹವಾಗಿ ಕಟ್ಟುವ ಕೈ. ‘ಲೋಡ್ಸ್’ ಎಂದರೆ ಆ ಬರಹವನ್ನು ಬಿಚ್ಚುವ ಕೈ. ಒಂದೊಂದು ಸಾಲಿನ ಕೆಲಸ. ಹೊಸದಾಗಿ ಕಲಿಯುವವರು ಅರೆಗಳಿಗೆಯಲ್ಲಿ ಕಲಿತು, ವಿಷಯ ಮುಗಿಯಿತೆಂದೇ ತಿಳಿಯುತ್ತಾರೆ.

ಮುಗಿದಿರುವುದಿಲ್ಲ. ಕಟ್ಟಿದ್ದೆಲ್ಲವೂ ಬಿಚ್ಚಿದಾಗ ಹಾಗೆಯೇ ದೊರೆಯುವುದೆಂಬ ಭರವಸೆಯಿಲ್ಲ.

ಶಾಲೆಯ ಹಾಜರಿ ಪುಸ್ತಕವೊಂದನ್ನು ಪೈಥಾನಿನಲ್ಲಿ ಬರೆದಿದೆಯೆಂದು ಭಾವಿಸಬಹುದು. 12ನೆಯ ಸಂಖ್ಯೆಯ ಎದುರಿಗೆ ಒಬ್ಬ ಹುಡುಗಿಯ ಹೆಸರು. ಅದನ್ನು ಜೇಸನ್ ಆಗಿ ಕಟ್ಟಿ, ಮತ್ತೆ ಬಿಚ್ಚಿ, 12ನೆಯವಳು ಯಾರೆಂದು ಕೇಳಿದರೆ, ಅಂಥವರು ಯಾರೂ ಇಲ್ಲವೆಂಬ ಉತ್ತರ ಬರುತ್ತದೆ. ಹುಡುಗಿ ಎಲ್ಲಿಯೂ ಹೋಗಿಲ್ಲ. ಜೇಸನ್ನಿನಲ್ಲಿ ಜೋಡಿಯ ಹೆಸರು ಬರಹವೇ ಆಗಿರಬೇಕೆಂಬ ನಿಯಮವಿರುವುದರಿಂದ, ಸಂಖ್ಯೆಯಾಗಿದ್ದ 12 ದಾರಿಯಲ್ಲಿ ‘12’ ಎಂಬ ಬರಹವಾಗಿದೆ, ಅಷ್ಟೆ. ಪೈಥಾನಿಗೆ ಇವೆರಡೂ ಬೇರೆ ಬೇರೆ. ಅದೇ ರೀತಿ, ‘ಟಪಲ್’ ಎಂಬ ಬದಲಾಯಿಸಲಾಗದ ಕಟ್ಟು ಹಿಂದಿರುಗುವಾಗ ಸಾಮಾನ್ಯ ಪಟ್ಟಿಯಾಗಿರುತ್ತದೆ. ದಿನಾಂಕವನ್ನು ಕೊಟ್ಟರಂತೂ ಡಂಪ್ಸ್ ಕೈಯಾಡಿಸಿಬಿಡುತ್ತದೆ: ಆರು ಬಗೆಗಳಲ್ಲಿ ದಿನಾಂಕಕ್ಕೆ ಸ್ಥಳವಿಲ್ಲ. ಹೀಗೆ ನೇರವಾಗಿ ನಿರಾಕರಿಸುವುದು ಸುಮ್ಮನೆ ಬದಲಾಯಿಸುವುದಕ್ಕಿಂತ ಎಷ್ಟೋ ವಾಸಿ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರಹವಾಗಿ ಬರೆದುಕೊಟ್ಟರೆ ಅದು ಸ್ವೀಕರಿಸುತ್ತದೆ. ಅದನ್ನು ದಿನಾಂಕವೆಂದು ಅರ್ಥಮಾಡಿಕೊಳ್ಳುವ ಹೊಣೆ ಬಿಚ್ಚುವವನದು.

ಕನ್ನಡದ ಬರಹ ಈ ದಾರಿಯಲ್ಲಿ ಸಾಗುವ ರೀತಿಯೂ ಕುತೂಹಲಕರ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಮಾತ್ರ ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ ಎಂದು ಐದು. ಬೇರೇನೂ ಹೇಳದಿದ್ದಲ್ಲಿ ಡಂಪ್ಸ್ ಈ ಐದರಲ್ಲಿ ಪ್ರತಿಯೊಂದನ್ನೂ ಒಂದು ಓರೆಗೆರೆ, ಒಂದು ಇಂಗ್ಲಿಷ್ ಅಕ್ಷರ, ನಾಲ್ಕು ಸ್ಥಾನಗಳ ಸಂಕೇತಾಂಕವೆಂದು ಆರಾರು ಚಿಹ್ನೆಗಳಲ್ಲಿ ಬರೆಯುತ್ತದೆ. ಮೂರಕ್ಷರದ ಪದ ಮೂವತ್ತು ಚಿಹ್ನೆಗಳಾಗುತ್ತದೆ! ಇಂಗ್ಲಿಷ್ ಲಿಪಿಯನ್ನಷ್ಟೇ ಬಲ್ಲ ಹಳೆಯ ಯಂತ್ರಗಳೂ ಕೆಡಿಸದಿರಲೆಂದು ಮಾಡಿದ ಮುಂಜಾಗ್ರತೆಯಿದು. ಬಿಚ್ಚಿದೊಡನೆ ಕನ್ನಡ ಮೊದಲಿನಂತೆಯೇ ಎದ್ದು ನಿಲ್ಲುತ್ತದೆ; ಕಡತವನ್ನು ನೇರವಾಗಿ ನೋಡಿದ ಮನುಷ್ಯನಿಗೆ ಮಾತ್ರ ಒಂದಕ್ಷರವೂ ತಿಳಿಯುವುದಿಲ್ಲ. ಆ ಮುಂಜಾಗ್ರತೆ ಬೇಡವೆಂದು ಡಂಪ್ಸ್‌ಗೆ ತಿಳಿಸಿದರೆ ಅದು ಕನ್ನಡವನ್ನು ಕನ್ನಡವಾಗಿಯೇ ಬರೆಯುತ್ತದೆ. 2017ರಲ್ಲಿ ಪ್ರಕಟವಾದ ಜೇಸನ್ ನಿಯಮಾವಳಿ, ಬೇರೆ ಬೇರೆ ವ್ಯವಸ್ಥೆಗಳ ನಡುವೆ ಸಾಗುವ ಓಲೆಗಳು ಯುಟಿಎಫ್-8 ರೂಪದಲ್ಲಿಯೇ ಇರತಕ್ಕದ್ದೆಂದು ವಿಧಿಸಿರುವುದರಿಂದ, ಕನ್ನಡಿಗರು ಇದಕ್ಕೆ ಅಂಜಬೇಕಾದ ಕಾರಣವಿಲ್ಲ.

ಅಂಜಬೇಕಾದುದು ಸದ್ದಿಲ್ಲದೆ ಆಗುವ ಬದಲಾವಣೆಗೆ. ಪೈಥಾನ್ ಬಹು ದೊಡ್ಡ ಪೂರ್ಣಸಂಖ್ಯೆಗಳನ್ನೂ ಚಾಚೂ ತಪ್ಪದೆ ಬರೆಯುತ್ತದೆ. ಜಾವಾಸ್ಕ್ರಿಪ್ಟಿನ ಸಾಧಾರಣ ಸಂಖ್ಯೆಗಳಿಗೆ ಆ ಸಾಮರ್ಥ್ಯವಿಲ್ಲ. 9007199254740993 ಎಂದು ಒಬ್ಬ ಕಳುಹಿಸಿದರೆ, ಇನ್ನೊಬ್ಬ 9007199254740992 ಎಂದು ಓದುತ್ತಾನೆ. ಒಂದೇ ಒಂದರ ವ್ಯತ್ಯಾಸ. ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಆದರೆ ಆ ಅಂಕಿ ಒಬ್ಬರ ಖಾತೆಯ ಸಂಖ್ಯೆಯಾಗಿದ್ದರೆ, ಅದು ಈಗ ಇನ್ನೊಬ್ಬರ ಖಾತೆ. ಆಗ ಟ್ವಿಟರ್ ಎಂಬ ಹೆಸರಿದ್ದ ಸಂಸ್ಥೆ 2010ರಲ್ಲಿ ಇದೇ ಇಕ್ಕಟ್ಟನ್ನು ಎದುರಿಸಿ, ಪ್ರತಿಯೊಂದು ಸಂದೇಶದ ಗುರುತುಸಂಖ್ಯೆಯನ್ನೂ ಸಂಖ್ಯೆಯಾಗಿ ಒಮ್ಮೆ, ಬರಹವಾಗಿ ಇನ್ನೊಮ್ಮೆ, ಹೀಗೆ ಎರಡು ಸಲ ಕಳುಹಿಸತೊಡಗಿತು. ಬೆಂಗಳೂರಿನ ದೂರವಾಣಿಗಳ 080 ಎಂಬ ಸಂಕೇತಕ್ಕೂ ಇದೇ ಚಿಕಿತ್ಸೆ ಬೇಕು. ಸೊನ್ನೆಯಿಂದ ಮೊದಲಾಗುವ ಇಂಥ ಸಂಖ್ಯೆಯನ್ನು ಜೇಸನ್ ಒಪ್ಪುವುದೇ ಇಲ್ಲ. ಕೂಡುವ ಕಳೆಯುವ ಪ್ರಸಂಗವೇ ಬಾರದ ಅಂಕಿ ಸಂಖ್ಯೆಯಲ್ಲ, ಅದೊಂದು ಹೆಸರು ಎಂದು ತಿಳಿದರೆ ಈ ಕಷ್ಟದ ಬಹುಭಾಗ ಕಳೆಯುತ್ತದೆ.

ಏನನ್ನೂ ಕಳೆದುಕೊಳ್ಳದಂತೆ ಕಟ್ಟುವ ಬೇರೆ ಉಪಾಯವಿಲ್ಲವೆ? ಉಂಟು. ಪೈಥಾನಿನಲ್ಲಿಯೇ ‘ಪಿಕಲ್’, ಎಂದರೆ ಉಪ್ಪಿನಕಾಯಿ, ಎಂಬ ಉಪಕರಣವಿದೆ. ಅದರ ಭರಣಿಯಲ್ಲಿ ದಿನಾಂಕ, ಟಪಲ್ ಎಲ್ಲವೂ ರುಚಿಗೆಡದೆ ಉಳಿಯುತ್ತವೆ. ಆದರೆ ಅಪರಿಚಿತರು ಕೊಟ್ಟ ಭರಣಿಯ ಮುಚ್ಚಳ ತೆಗೆಯಬಾರದು: ಅದನ್ನು ತೆರೆಯುವ ಕ್ರಿಯೆಯಲ್ಲಿಯೇ ಒಳಗಿನ ದುಷ್ಟ ಆಜ್ಞೆಗಳು ಜಾರಿಗೆ ಬರಬಹುದು. ಪೈಥಾನಿನ ಕೈಪಿಡಿಯೇ ಈ ಎಚ್ಚರಿಕೆಯನ್ನು ಕೊಡುತ್ತದೆ. ಜೇಸನ್ನಿನ ಮೊದಲ ದಿನಗಳಲ್ಲಿಯೂ ಇಂಥದೇ ಅಪಾಯವಿದ್ದಿತು. ಓಲೆಯನ್ನು ಓದುವ ಬದಲು, ‘ಎವಾಲ್’ ಎಂಬ ಕ್ರಿಯೆಯ ಮೂಲಕ ಅದನ್ನೊಂದು ಆಜ್ಞೆಯಂತೆ ನಡೆಸಿಬಿಡುವ ರೂಢಿ ಜಾವಾಸ್ಕ್ರಿಪ್ಟ್ ಬಲ್ಲವರಲ್ಲಿ ಹರಡಿತ್ತು. ಕೇವಲ ಓದುವ, ಏನನ್ನೂ ನಡೆಸದ ಉಪಕರಣ ಆ ಭಾಷೆಯ ನಿಯಮಗಳೊಳಗೆ ಸೇರಿದುದು 2009ರಲ್ಲಿ. ಜೇಸನ್ ಬಡವನೆಂಬುದು ದಿಟ. ಆದರೆ ಅದರ ಓಲೆಯಲ್ಲಿ ವಿಷಯವಿದೆಯೇ ಹೊರತು ಅಪ್ಪಣೆಯಿಲ್ಲ. ಬಾಗಿಲಿಗೆ ಬಂದ ಅಪರಿಚಿತನೊಡನೆ ವ್ಯವಹರಿಸಲು ಅಂಥ ಬಡತನವೇ ಲೇಸು.

ಅನುಭವಿಗಳು ಅನುಸರಿಸುವ ಪರೀಕ್ಷೆಯೊಂದಿದೆ. ಕಟ್ಟಿದ್ದನ್ನು ಅಲ್ಲಿಯೇ ಬಿಚ್ಚಿ, ಮೊದಲಿನದಕ್ಕೆ ಸಮವೇ ಎಂದು ನೋಡುವುದು. ಹಾಜರಿ ಪುಸ್ತಕದ 12, ಪಟ್ಟಿಯಾದ ಟಪಲ್, ಎರಡೂ ಇದರಲ್ಲಿ ಸಿಕ್ಕಿಬೀಳುತ್ತವೆ. ದೊಡ್ಡ ಸಂಖ್ಯೆ ಮಾತ್ರ ಸಿಕ್ಕಿಬೀಳುವುದಿಲ್ಲ. ಕಟ್ಟಿದ ಪೈಥಾನೇ ಬಿಚ್ಚಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದುದರಿಂದ ಓಲೆ ತಲುಪಬೇಕಾದ ಊರಿನಲ್ಲಿಯೇ ಅದನ್ನು ಬಿಚ್ಚಿಸಿ ನೋಡಬೇಕು. ಕಳುಹಿಸಿದವನು ಏನು ಬರೆದನೆಂಬುದರಿಂದ ವ್ಯವಹಾರ ನಿಲ್ಲುವುದಿಲ್ಲ. ತಲುಪಿದವನು ಏನು ಓದಿದನೆಂಬುದರಿಂದ ನಿಲ್ಲುತ್ತದೆ.